ಕೂದಲು ಉದುರುತ್ತಿದ್ದಾಗ ಕೊಂಡ ಕ್ರೀಮು

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಡೆಂಗಿ ಜ್ವರ ಬಂದು ಹೋಯಿತು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದೆ, ಎದ್ದು ಮನೆಗೆ ಬಂದೆ, ಕೆಲಸಕ್ಕೂ ಹೋಗತೊಡಗಿದೆ. ಜ್ವರ ಮರೆತೇಹೋಗಿತ್ತು. ಸಂಕ್ರಾಂತಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಬಚ್ಚಲ ನೀರು ಹರಿಯದೆ ಪಾದದ ಸುತ್ತ ನಿಂತಿತು. ಬಗ್ಗಿ ತೂಬಿಗೆ ಕೈಹಾಕಿದೆ. ಕೈಗೆ ಬಂದದ್ದು ನನ್ನದೇ ಕೂದಲು, ಇಲಿಮರಿಯಷ್ಟು ದಪ್ಪದ ಮುದ್ದೆ.

ಅದನ್ನು ಕಾಗದದಲ್ಲಿ ಸುತ್ತಿ ಹೊರಗೆ ಎಸೆದೆ. ಗಂಡನಿಗೆ ಹೇಳಲಿಲ್ಲ. ಅವರು ಎಣ್ಣೆ ಮಿಲ್ಲಿಗೆ ಹೊರಡುವ ಗಡಿಬಿಡಿಯಲ್ಲಿದ್ದರು. ಮರುದಿನ ಬಾಚಣಿಗೆ ತುಂಬಿತು. ಅದರ ಮರುದಿನ ಚಪಾತಿ ಹಿಟ್ಟು ಕಲೆಸುವಾಗ ಮೊಣಕೈಗೆ ಅಂಟಿಕೊಂಡಿತ್ತು.

ನನಗೆ ಬಂದ ಭಯ ಬೋಳಾಗುತ್ತೇನೆ ಎಂಬುದಲ್ಲ. ನಾನು ಚಿಕ್ಕವಳಿದ್ದಾಗ ದೇವಸಮುದ್ರದಲ್ಲಿದ್ದ ನಮ್ಮ ದೊಡ್ಡವ್ವನಿಗೆ ಎದೆಯಲ್ಲಿ ಗಡ್ಡೆಯಾಗಿತ್ತು. ಔಷಧಿಗೆಂದು ಬಳ್ಳಾರಿಗೆ ಹೋಗಿ ಬಂದು ಮಾಡುತ್ತಿದ್ದಳು. ಅವಳ ಉದ್ದ ಜಡೆ ಹಿಡಿ ಹಿಡಿಯಾಗಿ ಕೈಗೆ ಬರುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಆಂಧ್ರದ ರಾಯದುರ್ಗದ ಕಡೆಯಿಂದ ಸೊಸೆಯಾಗಿ ಬಂದವಳಾದ್ದರಿಂದ ಸಂಕಟ ಬಂದಾಗಲೆಲ್ಲ ಅವಳ ಬಾಯಲ್ಲಿ ತೆಲುಗೇ ಬರುತ್ತಿತ್ತು. ತಲೆ ಬಾಚುತ್ತಿದ್ದ ನಮ್ಮವ್ವನಿಗೆ, "ಏಮೀ ಕಾದು ಲೇವೇ, ಏಮೀ ಕಾದು," ಏನೂ ಆಗಲ್ಲ ಬಿಡೇ, ಅನ್ನುತ್ತಿದ್ದಳು. ಮುಂದಿನ ಯುಗಾದಿಗೆ ಅವಳು ಇರಲಿಲ್ಲ. ಕೂದಲು ಉದುರಿದ್ದು ಔಷಧಿಯಿಂದ, ರೋಗದಿಂದಲ್ಲ ಎಂದು ದೊಡ್ಡವಳಾದ ಮೇಲೆ ತಿಳಿಯಿತು. ತಿಳಿದರೂ ಭಯ ಕೇಳಲಿಲ್ಲ. ಅದು ಬಾಗಿಲ ಸಂದಿಯಲ್ಲಿ ನಿಂತ ಹುಡುಗಿಯ ಭಯವಾಗಿಯೇ ಉಳಿದಿತ್ತು.

ಡಾಕ್ಟರ ಹತ್ತಿರ ಹೋದರೆ ಅವರು ಆ ರೋಗದ ಹೆಸರೇ ಹೇಳಿಬಿಡುತ್ತಾರೆ ಅನ್ನಿಸಿತು. ಅದಕ್ಕೆ ಡಾಕ್ಟರ ಬದಲು ಅಂಗಡಿಗೆ ಹೋದೆ.

ಚಳ್ಳಕೆರೆಯ ಬೋರ್ ನೀರು ಸವಳು. ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುತ್ತದೆ, ಕೂದಲು ತೆಂಗಿನ ನಾರಿನ ಹಾಗಾಗುತ್ತದೆ. ಎಲ್ಲಾ ನೀರಿನದೇ ದೋಷ ಎಂದು ನನಗೆ ನಾನೇ ಹೇಳಿಕೊಂಡೆ. ಫ್ಯಾನ್ಸಿ ಸ್ಟೋರಿನವನು ಒಂದು ದುಂಡು ಡಬ್ಬಿ ತೆಗೆದು ಮುಂದಿಟ್ಟ. ಡೀಪ್ ಕಂಡಿಷನಿಂಗ್ ಮಾಸ್ಕ್ ಅಂತೆ. ನಮ್ಮ ಮನೆಯ ವಾರದ ತರಕಾರಿಗಿಂತ ಅದರ ಬೆಲೆ ಹೆಚ್ಚು. ಮುಚ್ಚಳದ ಮೇಲಿನ ಹೆಂಗಸಿನ ಕೂದಲು ರೇಷ್ಮೆ ಲಡಿಯ ಹಾಗೆ ಹೊಳೆಯುತ್ತಿತ್ತು. ಕೊಂಡೆ. ಹಚ್ಚಿಕೊಂಡು ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿ ಕೂತೆ. ತೊಳೆದಾಗ ಕೂದಲು ನುಣ್ಣಗಿತ್ತು, ಬಾಚಣಿಗೆ ಎಲ್ಲೂ ಸಿಕ್ಕಿಕೊಳ್ಳದೆ ಇಳಿಯಿತು. ಆ ಒಂದು ದಿನ ನೆಮ್ಮದಿಯಾಗಿ ಉಂಡೆ. ಆದರೆ ಮತ್ತೆ ತಲೆಗೆ ನೀರು ಹಾಕಿಕೊಂಡ ದಿನ ಬಚ್ಚಲಲ್ಲಿ ಅಷ್ಟೇ ಕೂದಲು. ಒಂದೇ ವ್ಯತ್ಯಾಸ, ಈಗ ಅದು ನುಣ್ಣಗಿತ್ತು.

ಈ ಡಬ್ಬಿ ಸರಿಯಿಲ್ಲ ಅಂದುಕೊಂಡು ಬೇರೆಯದು ತಂದೆ. ಆಮೇಲೆ ಅದಕ್ಕಿಂತ ದುಬಾರಿಯದು.

ನಾನು ಕೆಲಸ ಮಾಡುವುದು ಕುದಾಪುರದ ಕಡೆ ಹಿಂದೆ ದನ ಮೇಯುತ್ತಿದ್ದ ಕಾವಲಿನಲ್ಲಿ ಎದ್ದಿರುವ ಕ್ಯಾಂಪಸ್ಸೊಂದರ ಕ್ಯಾಂಟೀನಿನಲ್ಲಿ. ಚಪಾತಿ, ಪಲ್ಯ ನಮ್ಮ ಪಾಲು. ತಲೆಗೆ ಟೋಪಿ ಹಾಕಿಕೊಳ್ಳಬೇಕು, ಹಾಕಿಕೊಳ್ಳುತ್ತಿದ್ದೆ. ಒಳಗೊಂದು ಬಟ್ಟೆಯನ್ನೂ ಬಿಗಿಯಾಗಿ ಕಟ್ಟುತ್ತಿದ್ದೆ. ಆದರೂ ಒಂದು ಮಧ್ಯಾಹ್ನ ಸೂಪರ್‌ವೈಸರ್ ಒಂದು ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಬೀನ್ಸ್ ಪಲ್ಯದ ಮೇಲೆ ಉದ್ದದ ಒಂದು ಕೂದಲು ಸುರುಳಿ ಸುತ್ತಿ ಬಿದ್ದಿತ್ತು.

"ಯಾರ್ದಮ್ಮ ಇದು? ಊಟ ಮಾಡೋರು ತಟ್ಟೆ ಹಂಗೇ ತಂದು ನನ್ ಮುಂದೆ ಇಟ್ರು. ನಾನೇನ್ ಹೇಳ್ಲಿ ಅವ್ರಿಗೆ?"

ಅಡುಗೆಮನೆಯಲ್ಲಿ ಅಷ್ಟು ಉದ್ದ ಕೂದಲಿದ್ದವಳು ನಾನೊಬ್ಬಳೇ. ಲಟ್ಟಣಿಗೆ ಕೆಳಗಿಟ್ಟೆ. "ನಂದೇ ಸರ್, ಜ್ವರ ಬಂದಿತ್ತು..." ಅಂದೆ.

"ಜ್ವರ ಬಂದೋರು ಮನೇಲಿರ್ಬೇಕ್ರಿ. ಇನ್ನೊಂದ್ ಸಲ ಹಿಂಗಾದ್ರೆ ಗೇಟ್ ಪಾಸ್ ವಾಪಸ್ ಕೊಟ್ಟು ಹೋಗ್ಬೇಕಾಗುತ್ತೆ, ನೋಡಿ."

ಅಂದಿನಿಂದ ಎರಡು ಭಯ ಒಟ್ಟಿಗೆ ನಡೆದವು. ಹಿಟ್ಟಿನಲ್ಲಿ ಕಪ್ಪಗೆ ಏನು ಕಂಡರೂ ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದೆ. ಬಡಿಸಿ ಆದ ಮೇಲೆ ಊಟದ ಹಾಲಿನ ಕಡೆಯಿಂದ ಯಾರಾದರೂ ಎದ್ದು ಬಂದರೆ ನನ್ನ ಹತ್ತಿರವೇ ಬರುತ್ತಿದ್ದಾರೆ ಅನ್ನಿಸುತ್ತಿತ್ತು.

ಆ ವಾರದ ರಜೆಯ ದಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಒಂದು ಪಾರ್ಲರಿಗೆ ಹೋದೆ. ನಡೆಸುವಾಕೆ ನನಗಿಂತ ಚಿಕ್ಕವಳು, ಮಾತಿನ ಮಲ್ಲಿ. "ಮನೇಲಿ ಹಚ್ಕಂಡ್ರೆ ಒಳಕ್ಕಿಳಿಯಲ್ಲ ಅಕ್ಕಾ. ಸ್ಟೀಮ್ ಕೊಟ್ಟು ಮಾಡ್ಬೇಕು. ಬುಡಕ್ಕೇ ಹೋಗ್ತೈತೆ. ನಾಲ್ಕು ಸಿಟ್ಟಿಂಗ್ ಮಾಡಿಸ್ರಿ, ಜಡೆ ಹೆಂಗಾಗುತ್ತೆ ನೋಡ್ರಿ," ಎಂದು ತಲೆ ತುಂಬ ಕ್ರೀಮು ಮೆತ್ತಿದಳು. ಬಿಸಿ ಟವೆಲು ಸುತ್ತಿದಳು. ಕಣ್ಣು ಮುಚ್ಚಿ ಕೂತೆ, ನಿದ್ದೆಯೇ ಬರುವ ಹಾಗಿತ್ತು.

ತೊಳೆಯುವಾಗ ಅವಳ ಮಾತು ನಿಂತಿತು. ಕಣ್ಣು ತೆರೆದು ಎದುರಿನ ಕನ್ನಡಿ ನೋಡಿದೆ. ಅವಳ ಎರಡೂ ಕೈ ತುಂಬ ನನ್ನ ಕೂದಲು. ನಾನು ನೋಡುತ್ತಿರುವುದು ಗೊತ್ತಿಲ್ಲದೆ ಅದನ್ನು ನೆಲಕ್ಕೆ ಬಿಟ್ಟು ಕಾಲಿನಿಂದ ಕುರ್ಚಿಯ ಕೆಳಗೆ ಸರಿಸಿದಳು. ಆಮೇಲೆ ಕನ್ನಡಿಯಲ್ಲಿ ನಮ್ಮಿಬ್ಬರ ಕಣ್ಣು ಕೂಡಿದವು.

"ನಮ್ ಕ್ರೀಮಿಂದಲ್ಲ ಕಣಕ್ಕಾ," ಅಂದಳು. ದನಿ ಸಣ್ಣದಾಗಿತ್ತು. "ದೇವ್ರಾಣೆ ನಮ್ ಕ್ರೀಮಿಂದಲ್ಲ. ನಿಮಗೆ ಒಳಗೇನೋ ಐತೆ."

ಒಳಗೇನೋ ಐತೆ. ನಾನು ನನಗೇ ಹೇಳಿಕೊಳ್ಳದೆ ಇಟ್ಟಿದ್ದ ಮಾತನ್ನು ಅವಳು ಆಡಿಬಿಟ್ಟಿದ್ದಳು. ಒದ್ದೆ ತಲೆಯಲ್ಲೇ ಹೊರಗೆ ಬಂದೆ. ಮನೆಗೆ ಹೋಗಲು ಮನಸ್ಸಾಗಲಿಲ್ಲ. ಗಂಡನಿಗೆ ಫೋನು ಮಾಡಿ ಅವ್ವನನ್ನು ನೋಡಿಬರುತ್ತೇನೆ ಎಂದು ಹೇಳಿ ಕೊಂಡ್ಲಹಳ್ಳಿಯ ಬಸ್ಸು ಹತ್ತಿದೆ.

ಅವ್ವ ಅಂಗಳದಲ್ಲಿ ಶೇಂಗಾ ಬಿಡಿಸುತ್ತಾ ಕೂತಿದ್ದಳು. ನನ್ನನ್ನು ನೋಡಿ, "ಇದೇನೇ, ಹೇಳ್ದೆ ಕೇಳ್ದೆ ಬಂದಿದೀಯಾ?" ಅಂದಳು. ತಲೆ ನೋಯುತ್ತದೆ ಅಂದೆ. "ಬಾ, ಎಣ್ಣೆ ಹಚ್ತೀನಿ," ಅಂದಳು. ಬೇಡ ಅನ್ನಬೇಕಿತ್ತು. ಆದರೆ ಕಾಲು ತಾವಾಗಿ ಹೋಗಿ ಅವಳ ಮುಂದೆ ಮಡಿಸಿ ಕೂತವು.

ಅವ್ವನ ಬೆರಳು ಬುಡಕ್ಕಿಳಿದವು. ಒಮ್ಮೆ ಸವರಿದಳು, ಇನ್ನೊಮ್ಮೆ ಸವರಿದಳು. ಆಮೇಲೆ ಕೈ ನಿಂತೇಹೋಯಿತು. ನಾನು ತಿರುಗಲಿಲ್ಲ. ಬೆನ್ನ ಹಿಂದಿನಿಂದ ದನಿ ಬಂತು.

"ಏಮೀ ಕಾದು ಲೇವೇ."

ನಮ್ಮವ್ವ ಮನೆಯಲ್ಲಿ ತೆಲುಗು ಆಡುವವಳಲ್ಲ. ಅದು ದೊಡ್ಡವ್ವನ ಮಾತು. ತಿರುಗಿ ಅವಳ ಮಡಿಲಲ್ಲಿ ಮುಖವಿಟ್ಟು ಅತ್ತೆ. ಜ್ವರ, ಡಬ್ಬಿಗಳು, ಪಲ್ಯದ ತಟ್ಟೆ, ಪಾರ್ಲರು, ಎಲ್ಲಾ ಹೇಳಿದೆ. ದೊಡ್ಡವ್ವನ ಹೆಸರನ್ನು ಮಾತ್ರ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. "ನಾಳೆ ಡಾಕ್ಟ್ರ ಹತ್ರ ಹೋಗಾನ. ನಾನೂ ಬರ್ತೀನಿ," ಅಂದಳು, ಅಷ್ಟೇ.

ಚಳ್ಳಕೆರೆಯ ಡಾಕ್ಟರು ವಯಸ್ಸಾದವರು. ನನ್ನ ತಲೆಯನ್ನು ಬೆಳಕಿಗೆ ಹಿಡಿದು ನೋಡಿದರು, ಕೂದಲನ್ನು ಮೆಲ್ಲಗೆ ಎಳೆದು ನೋಡಿದರು. "ಹಿಂದೆ ದೊಡ್ಡ ಜ್ವರ ಏನಾದ್ರೂ ಬಂದಿತ್ತೇನಮ್ಮ?" ಎಂದು ಕೇಳಿದರು. ಬಂದಿತ್ತು ಅಂದೆ. ಅವರು ತಲೆಯಾಡಿಸಿದರು, ಆದರೂ ರಕ್ತ ಪರೀಕ್ಷೆಗೆ ಬರೆದರು. ರಿಪೋರ್ಟು ಸಂಜೆ ಎಂದರು. ಅಲ್ಲಿಯವರೆಗೆ ಅವ್ವ, ನಾನು ಲ್ಯಾಬಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಒಳಗಿನಿಂದ ಯಾರ ಹೆಸರು ಕೂಗಿದರೂ ಅವ್ವ ನನ್ನ ಮಣಿಕಟ್ಟು ಹಿಡಿಯುತ್ತಿದ್ದಳು. ಬಿಟ್ಟಾಗ ಅಲ್ಲಿ ಬೆರಳಿನ ಗುರುತು ಇರುತ್ತಿತ್ತು.

ರಕ್ತ ಕಡಿಮೆ ಇತ್ತು. ಬೇರೇನೂ ಇರಲಿಲ್ಲ.

"ಜೋರಾದ ಜ್ವರ ಬಂದು ಹೋದ್ಮೇಲೆ ಎರಡು ಮೂರು ತಿಂಗಳಿಗೆ ಹಿಂಗೆ ಉದುರುತ್ತೆ," ಅಂದರು ಡಾಕ್ಟರು. "ಆಮೇಲೆ ತಾನಾಗೇ ನಿಲ್ಲುತ್ತೆ. ಕಬ್ಬಿಣದ ಮಾತ್ರೆ ತಗೊಳ್ಳಿ, ಸೊಪ್ಪು, ಕಾಳು, ಮೊಟ್ಟೆ ತಿನ್ನಿ."

"ಕ್ರೀಮು ಹಚ್ತಿದ್ದೆ ಸರ್, ಅದು..."

"ಅದು ಹೊರಗಿನ ಕೂದಲಿಗಮ್ಮ. ಬೆಳೆಯೋದು ಒಳಗಿಂದ. ಬಾಚೋಕೆ ಸಲೀಸಾಗುತ್ತೆ, ಒರಟು ಕಡಿಮೆ ಆಗುತ್ತೆ. ಉದುರೋದನ್ನ ಅದು ನಿಲ್ಸಲ್ಲ."

ಹೊರಗೆ ಬಂದು ಅವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಮೊದಲ ಸಲ ಆ ಮಾತು ತೆಗೆದಳು. "ನಿಮ್ ದೊಡ್ಡವ್ವನ ತಲೆ ಬಾಚ್ತಿದ್ ಕೈ ಇದು. ನಿನ್ ತಲೆ ಮುಟ್ಟಿದ್ ಕೂಡ್ಲೆ ಅದೇ ತಲೆ ಅನ್ನಿಸ್ತು. ನಂಗೇನು ಮಾತಾಡ್ಬೇಕು ಅಂತ ತಿಳೀಲಿಲ್ಲ ಕಣೇ."

"ನಂಗೂ ಅದೇ ಅನ್ನಿಸಿತ್ತವ್ವ, ಸಂಕ್ರಾಂತಿಯಿಂದ್ಲೂ," ಅಂದೆ.

"ಹೇಳಾಕೇನಾಗಿತ್ತು?"

ಹೇಳಿದ್ದರೆ ನಿಜವಾಗಿಬಿಡುತ್ತದೆ ಅನ್ನಿಸಿತ್ತು ಎಂದು ಅವಳಿಗೆ ಹೇಗೆ ಹೇಳಲಿ? ಅವಳ ಪಕ್ಕ ಕೂತೆ. ಜನ ನಮ್ಮನ್ನು ಸುತ್ತಿಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು.

ಬೇಸಿಗೆ ಬರುವಷ್ಟರಲ್ಲಿ ಉದುರುವುದು ಕಡಿಮೆಯಾಯಿತು. ಹಣೆಯ ಅಂಚಿನಲ್ಲಿ ಎಳೆ ಮಕ್ಕಳ ತಲೆಯಂತೆ ಗಿಡ್ಡ ಕೂದಲು ಎದ್ದವು. ಎಷ್ಟು ಎಣ್ಣೆ ಹಚ್ಚಿದರೂ ಕೂರುತ್ತಿರಲಿಲ್ಲ. ಕ್ಯಾಂಟೀನಿನ ಕೆಲಸ ಉಳಿಯಿತು. ಜಡೆ ಮಾತ್ರ ಮೊದಲಿನಷ್ಟು ದಪ್ಪಗಾಗಲಿಲ್ಲ.

ಈಗ ಜೊತೆಯಲ್ಲಿ ಚಪಾತಿ ಒತ್ತುವ ಹೆಂಗಸರು, "ಆ ಮಾಸ್ಕು ತಗಳ್ಳಾಕೆ ದುಡ್ಡು ಹಾಕ್ಬೋದೇನಕ್ಕ?" ಎಂದು ಕೇಳುತ್ತಾರೆ. ಈ ಸವಳು ನೀರಿಗೆ ಸಿಕ್ಕು ಬಿಡಿಸಲು ಒಳ್ಳೆಯದು, ಅದಕ್ಕೆ ಸಣ್ಣ ಡಬ್ಬಿ ಸಾಕು, ದುಬಾರಿಯದೂ ಅಗ್ಗದ್ದೂ ನನ್ನ ತಲೆಗೆ ಒಂದೇ ಆಯಿತು ಅನ್ನುತ್ತೇನೆ. ಕೂದಲು ಉದುರುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ ಅನ್ನುತ್ತೇನೆ. ನಾನು ಆ ಡಬ್ಬಿಗಳನ್ನು ಕೂದಲಿಗಾಗಿ ಕೊಂಡಿರಲಿಲ್ಲ, ಆಸ್ಪತ್ರೆಗೆ ಹೋಗುವುದನ್ನು ಒಂದೊಂದು ವಾರ ಮುಂದೂಡಲು ಕೊಂಡಿದ್ದೆ. ಅದಕ್ಕೆ ಎಷ್ಟು ಕೊಟ್ಟರೂ ದಂಡವೇ.

ಕಳೆದ ತಿಂಗಳು ಅವ್ವನಿಗೆ ಜ್ವರ ಬಂತು. ಮೂರೇ ದಿನಕ್ಕೆ ಇಳಿಯಿತು, ಹೊಲಕ್ಕೂ ಹೋಗುತ್ತಿದ್ದಾಳೆ. ನಾನು ದಿನಾ ಫೋನು ಮಾಡಿ ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಎಂದು ವಿಚಾರಿಸುತ್ತೇನೆ. ಫೋನು ಇಡುವ ಮುಂಚೆ, ಬೇಡ ಬೇಡ ಅಂದುಕೊಂಡರೂ, ತಲೆ ಬಾಚಿಕೊಂಡೆಯಾ ಎಂದು ಕೇಳಿಬಿಡುತ್ತೇನೆ.