ಅಲುಗದ ಬೇರಿಂಗು

ಎಂಬತ್ತರ ದಶಕದ ಕೊನೆಗೆ ರಾಣೆಬೆನ್ನೂರಿನಲ್ಲಿ ನನ್ನದೊಂದು ಲೇತ್ ಅಂಗಡಿ ಇತ್ತು. ಎದುರಿಗೇ ಹಳೆಯ ಬೇರಿಂಗ್ ಮಾರುವ ಗೆಳೆಯ. ಚಿಕ್ಕಂದಿನಲ್ಲೇ ಪೋಲಿಯೊದಿಂದ ಅವನ ಕಾಲು ಸೋತಿದ್ದವು. ಕೈಯಿಂದ ತಿರುಗಿಸುವ ಮೂರುಗಾಲಿ ಸೈಕಲ್ಲಿನಲ್ಲಿ ಬರುತ್ತಿದ್ದ. ಮನೆಯಲ್ಲಿ ಉರ್ದು, ನನ್ನನ್ನು ಬೈಯುವಾಗ ಮಾತ್ರ ಅಪ್ಪಟ ಕನ್ನಡ.

ಶುಕ್ರವಾರ ನಮಾಜು ಮುಗಿಸಿ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ರೊಟ್ಟಿ, ಕೆಂಪು ಚಟ್ನಿ ಮುಟ್ಟದೆ ಚಮಚದಲ್ಲಿ ಅನ್ನ ತಿನ್ನುವನು. ಸಾಹೇಬರು ಬಂದರು ಎಂದು ನಾನು ಕಾಡಿಸುವವ. ನನ್ನ ಹೆಂಡತಿ ಬ್ಯಾಡಗಿಯವಳು. ನಮ್ಮೂರ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ಕೂಸುಗಳೂ ತಿಂತಾವೆ ಎಂದು ಅವಳಿಗೂ ಬೇಸರ. ಒಂದು ದಿನ ಕೈತೊಳೆಯಲು ನೀರು ಹಾಕುವಾಗ ಅವನ ಬಲಗೈ ಕಂಡೆ. ಬೆರಳಿನಿಂದ ಅಂಗೈವರೆಗೆ ಗುಳ್ಳೆ ಒಡೆದು ಕೆಂಪಾಗಿತ್ತು. ಆ ಕೈಗೆ ಖಾರ ತಾಗಿದರೆ ಉರಿಯದಿರುತ್ತದೆಯೇ? ಸೈಕಲ್ಲಿನ ಹಿಡಿ ಬರೀ ಕಬ್ಬಿಣದ ಪೈಪು, ಮೇಲೆ ಚಿಂದಿ ಸುತ್ತಿದ್ದ. ಅಷ್ಟು ದಿನ ನಕ್ಕಿದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು.

ಅಂಗೈ ತುಂಬುವ, ಕೈಯೊಳಗೇ ತಿರುಗುವ ಅಲ್ಯೂಮಿನಿಯಂ ಗುಂಡು ಮಾಡಿ ಆ ಹಿಡಿಗೆ ಹಾಕಬೇಕೆಂದುಕೊಂಡೆ. ಗುಂಡಗೆ ಕೊರೆಯಬೇಕಾದರೆ ಲೇತಿನ ಉಳಿ ಅರ್ಧ ಸುತ್ತು ತಿರುಗಬೇಕು. ಅದಕ್ಕೊಂದು ತಿರುಗುವ ಪೀಠ ನಾನೇ ಮಾಡಿದೆ. ಪೀಠದ ಕೆಳಗೆ ಬೇರಿಂಗ್ ಬೇಕಿತ್ತು.

ನಿನಗೇ ಎಂದು ಹೇಳಿದರೆ ಬೇಡವೇ ಬೇಡ ಅನ್ನುವ ಆಸಾಮಿ ಅವನು. ಪಂಪಿನ ಮೋಟರಿಗೆ ಎಂದು ಸುಳ್ಳು ಹೇಳಿದೆ. ಬೇರಿಂಗುಗಳನ್ನು ಬೆರಳಿಗೆ ಸಿಕ್ಕಿಸಿ, ತಿರುಗಿಸಿ, ಕಿವಿಗೆ ಹಿಡಿದು, ಎಲ್ಲಕ್ಕಿಂತ ಹಗುರ ಓಡುವುದನ್ನು ಆರಿಸಿ ಕೊಟ್ಟ. ಹಾಕಿದರೆ ಉಳಿ ಗಡಗಡ ನಡುಗಿ ಗುಂಡಿನ ಮೈತುಂಬ ಗೀರು. ಇನ್ನೊಂದು ತಂದೆ, ಅದೂ ಅಷ್ಟೇ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕೆಟ್ಟ ಮಾಲು ಮಾರುತ್ತೀ ಎಂದು ಗಿರಾಕಿಗಳ ಎದುರಿಗೇ ಬೈದೆ. ಅವನ ಮುಖ ಸಣ್ಣದಾಯಿತು. ಡಾಕ್ಟರ ಮುಂದೆ ರೋಗ ಮುಚ್ಚಿಟ್ಟು ಔಷಧಿಗೆ ಬೈದರೆ ಹೇಗೆ ಎಂದು ಹೆಂಡತಿ ನನ್ನನ್ನು ತರಾಟೆಗೆ ತೆಗೆದುಕೊಂಡಳು.

ಮರುದಿನ ಪೀಠವನ್ನೇ ಒಯ್ದು ಅವನ ಮುಂದಿಟ್ಟೆ. ಕೆಲಸ ಹೇಳಿದೆ, ಯಾರಿಗೆಂದು ಹೇಳಲಿಲ್ಲ.

“ಅರ್ಧ ಸುತ್ತು ಮೆಲ್ಲಕ ತಿರುಗೋದಕ್ಕ ಓಡೋ ಬೇರಿಂಗ್ ಯಾಕೋ?” ಎಂದ. “ಹಗುರ ಓಡೋದು ಒಳಗ ಸಡಿಲ ಇರ್ತದ. ಇದಕ್ಕ ಅಲುಗದಂಥಾದ್ದು ಬೇಕು.”

ಜೀಪಿನ ಗಾಲಿಯಿಂದ ಬಿಚ್ಚಿದ್ದ, ಓರೆ ರೋಲರಿನ ಬೇರಿಂಗ್ ಜೋಡಿ ಕೊಟ್ಟ. ಎದುರುಬದುರು ಕೂರಿಸಿ, ಅಲುಗಾಟ ಹೋಗುವವರೆಗೆ ನಟ್ಟು ಬಿಗಿ ಮಾಡಲು ಹೇಳಿದ. ನಾನು ಬೈದದ್ದರ ಮಾತನ್ನೇ ಎತ್ತಲಿಲ್ಲ. ಸಂಜೆಗೆ ಗುಂಡು ನುಣ್ಣಗೆ ಬಂತು.

ಶುಕ್ರವಾರ ಅವನು ಮಸೀದಿಯೊಳಗಿದ್ದಾಗ, ಹೊರಗೆ ನಿಂತ ಸೈಕಲ್ಲಿನ ಚಿಂದಿ ಕಿತ್ತು ಗುಂಡು ಹಾಕಿದೆ. ಬಂದವನು ಅದನ್ನು ಹಿಡಿದು ಒಂದು ಸುತ್ತು ತಿರುಗಿಸಿ ನೋಡಿದ.

“ಇದಕ್ಕೇನ ನನಗ ಬೈದದ್ದು?”

ಹೂಂ ಎಂದೆ.

ಮೂರು ವಾರ ಚಮಚವೇ ನಡೆಯಿತು. ನಾಲ್ಕನೆಯ ವಾರ ಹೆಂಡತಿ ರೂಢಿಯಂತೆ ತಟ್ಟೆಗೆ ಚಮಚ ಇಟ್ಟಳು. ಅವನು ಅದನ್ನೆತ್ತಿ ಅವಳ ಕೈಗೆ ಕೊಟ್ಟ.

“ಇದನ್ನ ಒಳಗ ಇಡ್ರಿ ವೈನಿ. ರೊಟ್ಟಿ ಕೊಡ್ರಿ.”

ರೊಟ್ಟಿ ಮುರಿದು, ಕೆಂಪು ಚಟ್ನಿಗೆ ಒತ್ತಿ ಬಾಯಿಗಿಟ್ಟುಕೊಂಡ. ನನ್ನ ಕಣ್ಣು ತುಂಬಿತು. ಚಟ್ನಿ ಖಾರವಾಯಿತೇ ಎಂದು ಹೆಂಡತಿ ನನ್ನನ್ನು ಕೇಳಿದಳು. ನಾನಿನ್ನೂ ರೊಟ್ಟಿ ಮುರಿದೇ ಇರಲಿಲ್ಲ.