ಬಾಲ್ಕನಿ ತಟ್ಟುತ್ತಿದ್ದ ಅಂಕಲ್

ಶಿಕಾಗೋದಲ್ಲಿ ನಾವಿದ್ದ ಅಪಾರ್ಟ್‌ಮೆಂಟ್ ಐವತ್ತರ ದಶಕದ್ದು. ಅಲಂಕಾರವಿಲ್ಲದ ಕಾಂಕ್ರೀಟು, ಗೋಡೆಯುದ್ದಕ್ಕೂ ಗಾಜು, ಕಂಬದ ಆಸರೆಯಿಲ್ಲದೆ ಹೊರಚಾಚಿದ ಬಾಲ್ಕನಿಗಳು. ಮೇಲಿನ ಮನೆಯ ಮೈಸೂರಿನ ಅಂಕಲ್ ಪ್ರಾಯದಲ್ಲಿ ಅಥೆನ್ಸಿನಲ್ಲಿ ಇಂಥವೇ ಕಟ್ಟಡಗಳ ರಿಪೇರಿ ನೋಡಿಕೊಳ್ಳುತ್ತಿದ್ದ ಎಂಜಿನಿಯರ್. ಕಾಫಿಗೆ ಕರೆದರೂ ಕೂರುತ್ತಿರಲಿಲ್ಲ. ನೇರ ಬಾಲ್ಕನಿಗೆ ಹೋಗಿ, ಬೀಗದ ಕೈಯಿಂದ ನೆಲ ತಟ್ಟಿ, ಟೊಳ್ಳು ಸದ್ದು ಬರುತ್ತದೆಯೇ ಎಂದು ಕಿವಿಗೊಡುತ್ತಿದ್ದರು.

"ಇದನ್ನ ನಂಬಬೇಡಮ್ಮ," ಎನ್ನುತ್ತಿದ್ದರು.

ನನಗೆ ಅವರ ಮೇಲೆಯೇ ಅನುಮಾನ. ನಮ್ಮ ಮನೆಯೊಳಗೆ ಕಣ್ಣಾಡಿಸಲು ಇದೊಂದು ನೆಪವಿರಬೇಕು ಎನಿಸುತ್ತಿತ್ತು.

ಒಂದು ಭಾನುವಾರ ಮಗಳು ಬಾಲ್ಕನಿಯಲ್ಲಿ ಓದುತ್ತಾ ಕುಳಿತಿದ್ದಳು. ಅಂಕಲ್ ಬಂದವರೇ ಅವಳ ರಟ್ಟೆ ಹಿಡಿದು ಒಳಗೆಳೆದರು.

"ಅಂಕಲ್, ಏನ್ ಮಾಡ್ತಿದೀರಾ? ಮೊದಲು ಕೈ ಬಿಡಿ!" ಎಂದು ಕೂಗಿದೆ.

"ಕೆಳಗಿಂದ ನೋಡ್ಕೊಂಡು ಬಂದೆ ಕಣಮ್ಮ. ಬಾಲ್ಕನಿ ಅಡಿಯ ಬಿರುಕು ಅಗಲ ಆಗಿದೆ."

ಅಂದೇ ಮ್ಯಾನೇಜರ್‌ಗೆ ಅವರ ಮೇಲೆ ದೂರು ಬರೆದೆ. ಮೂರನೆಯ ದಿನ ಬಾಲ್ಕನಿಯ ಅರ್ಧ ಭಾಗ ಕಳಚಿ ಹುಲ್ಲಿನ ಮೇಲೆ ಬಿತ್ತು.

ಕ್ಷಮೆ ಕೇಳಲು ಮೇಲೆ ಹೋದೆ. ಅಂಕಲ್ ಬಾಗಿಲಲ್ಲೇ ನಿಂತು ಮಾತಾಡಿದರು.

"ಅಥೆನ್ಸಲ್ಲಿ ಒಂದು ಬಾಲ್ಕನಿ ಸರಿಯಿದೆ ಅಂತ ನಾನೇ ಸೈನ್ ಮಾಡಿದ್ದೆ. ಬಟ್ಟೆ ಒಣಗಿಸ್ತಿದ್ದ ಹುಡುಗಿ ಸಮೇತ ಬಿತ್ತು."

ಒಳಗೆ ಬಾ ಅನ್ನಲಿಲ್ಲ. ದೂರಿನ ವಿಷಯ ಅವರಿಗೆ ತಿಳಿದಿತ್ತೋ ಏನೋ, ಕೇಳುವ ಧೈರ್ಯ ನನಗಾಗಲಿಲ್ಲ.