ಬಂಡೆಯ ಪಾಚಿ, ಹಳ್ಳದ ಮತ್ತಿ

ಮಕ್ತಲ್ ಸೀಮೆಯ ಆ ಒರತೆಯ ಬಳಿ ಕುರುಮಮ್ಮನಿಗೊಂದು ಬಂಡೆ, ಅವಳ ನೆಗೆಣ್ಣಿ ಹಂಪಮ್ಮನಿಗೊಂದು ಮತ್ತಿ ಮರ. ಹಂಚಿಕೊಟ್ಟವಳು ಅತ್ತೆ ಆಶಮ್ಮ. ಸಾಯುವ ಮುಂಚೆ ಹಿರಿಸೊಸೆಗೆ ಪಾಚಿಯ ಮದ್ದು ಹೇಳಿದಳು, ಕಿರಿಸೊಸೆಗೆ ಮತ್ತಿ ತೊಗಟೆಯದು. ಒಬ್ಬಳ ಮದ್ದನ್ನು ಇನ್ನೊಬ್ಬಳು ಮುಟ್ಟುವಂತಿಲ್ಲ. ಅದು ಆ ಕುರುಬರ ಮನೆಯ ಕಟ್ಟು.

ಪಾಚಿಯೆಂದರೆ ಕೆರೆಯ ಪಾಚಿಯಲ್ಲ. ಹಲ್ಲಿಯ ನಾಲಿಗೆಯಂಥ ಚಪ್ಪಟೆ ಹಸಿರು. ಹೂವಿಲ್ಲ, ಕಾಯಿಲ್ಲ, ಒದ್ದೆ ಬಂಡೆಗೆ ಅಂಟಿಕೊಂಡೇ ಬದುಕು. ಸುಟ್ಟ ಗಾಯಕ್ಕೆ ಅರೆದು ಹಚ್ಚಿದರೆ ತಂಪು. ಮೇಲಿನ ಹೊಲದಲ್ಲಿ ಬಾವಿ ತೋಡಿದ ಮೇಲೆ ಒರತೆ ಸೊರಗಿ, ಬಂಡೆಯ ತುಂಬ ಇದ್ದದ್ದು ಕಂಬಳಿಯಗಲಕ್ಕೆ ಇಳಿದಿತ್ತು. ಮತ್ತಿಗೂ ಸುಖವಿರಲಿಲ್ಲ. ಹಳ್ಳದುದ್ದಕ್ಕೂ ಇದ್ದ ಮರಗಳನ್ನು ಗುತ್ತೇದಾರರು ಕಡಿದೊಯ್ದು, ಉಳಿದದ್ದು ಇದೊಂದೇ. ಆದರೆ ಮರ ಒಣಗಿದರೆ ಊರಿಗೆಲ್ಲ ಕಾಣುತ್ತದೆ. ಪಾಚಿ ಸತ್ತರೆ ಯಾರಿಗೆ ಗೊತ್ತು?

ಕುರುಮಮ್ಮನ ಹೊಟ್ಟೆಯುರಿ ಇದೇ. ಪಾಚಿ ಹೋದರೆ ಅವಳು ಆ ಮನೆಯಲ್ಲಿ ಬರೀ ಆಡು ಕಾಯುವವಳು. ಅವಳ ಬಾಗಿಲಿಗೆ ಬರುವವರೋ, ಬಿಸಿ ಅಂಬಲಿ ಚೆಲ್ಲಿಕೊಂಡ ಕೂಸುಗಳ ತಾಯಂದಿರು. ಹಂಪಮ್ಮನ ಬಾಗಿಲಿಗೆ ನಾರಾಯಣಪೇಟೆ ಠಾಣೆಯ ಅಮೀನ್ ಸಾಹೇಬರ ತಾಯಿಯೇ ಎದೆನೋವೆಂದು ಪರದೆ ಕಟ್ಟಿದ ಬಂಡಿಯಲ್ಲಿ ಬಂದಿದ್ದಳು.

"ನಿನ್ನ ಮರಕ್ಕ ಇನ್ನ ಗದವಾಲ ಸೀರೀನೂ ಉಡಸ್ತಾರ ಬಿಡು," ಎಂದಳು ಕುರುಮಮ್ಮ.

"ನಿನ್ನ ಪಾಚೀಗೂ ಒಂದು ಕುಪ್ಪಸ ಹೊಲಸೋಣು, ಅಕ್ಕ," ಎಂದು ಹಂಪಮ್ಮ ನಕ್ಕಳು. ಆ ನಗೆ ದಿನವಿಡೀ ಕುರುಮಮ್ಮನನ್ನು ಸುಟ್ಟಿತು.

ಆ ಮಳೆಗಾಲ ಮತ್ತಿಯ ಬುಡದಲ್ಲಿ ಸಸಿಗಳೆದ್ದವು. ಹಂಪಮ್ಮ ಸುತ್ತ ಜಾಲಿಮುಳ್ಳು ಕಟ್ಟಿದಳು. ಒಂದು ಮಧ್ಯಾಹ್ನ ಕುರುಮಮ್ಮ ಮುಳ್ಳು ಸರಿಸಿ ಆಡುಗಳನ್ನು ಒಳಗೆ ಬಿಟ್ಟಳು. ಬೆನ್ನು ತಿರುಗಿಸಿ ಕೂತು ಎಲೆಅಡಿಕೆ ಹಾಕಿಕೊಂಡಳು. ಚಿಗುರು ಮುರಿಯುವ ಸದ್ದು ಕಿವಿಗೆ ಹಿತವಾಗಿತ್ತು.

ತಿಂದ ಆಡು ನೀರಿಗಿಳಿಯುತ್ತದೆಂದು ಕುರುಬರ ಕೂಸಿಗೂ ಗೊತ್ತು. ಹೊಟ್ಟೆಕಿಚ್ಚಿನಲ್ಲಿ ಅವಳಿಗದು ಮರೆತೇಹೋಗಿತ್ತು. ತಿರುಗಿ ನೋಡಿದರೆ ಆಡುಗಳು ಬಂಡೆಯ ಮೇಲೆ ಗೊರಸೂರಿ ಒರತೆಗೆ ಬಾಯಿ ಹಚ್ಚಿದ್ದವು. ಪಾಚಿ ಹಪ್ಪಳದಂತೆ ಎದ್ದು ಕೆಸರಿನಲ್ಲಿ ತೇಲುತ್ತಿತ್ತು.

ಅವಳ ಕೂಗಿಗೆ ಹಂಪಮ್ಮ ಓಡಿ ಬಂದಳು. ಬೋಳು ಕಡ್ಡಿಗಳನ್ನು ನೋಡಿದಳು, ಬಂಡೆಯನ್ನು ನೋಡಿದಳು.

"ನಂದು ತಿನಸಾಕ ಹೋಗಿ ನಿಂದು ತುಳಿಸಿದಿ. ಭಾಳ ಶ್ಯಾಣ್ಯಾಕಿ ಅದೀ ನೋಡು!"

ಕುರುಮಮ್ಮ ಅಳುತ್ತ ಕೆಸರಿನಿಂದ ಚೂರುಗಳನ್ನು ಆರಿಸತೊಡಗಿದಳು.

"ಅಳಬ್ಯಾಡ, ತಿರುಗಿ ಕಲ್ಲಿಗೆ ಹಚ್ಚು. ನಾ ಮುಟ್ಟಾಂಗಿಲ್ಲ. ಬಿಸಲಿಗೆ ಸತ್ತುಹೋಗ್ತೈತಿ ಅದು," ಎಂದು ಹಂಪಮ್ಮ ಸೆರಗು ಬಿಚ್ಚಿ ಎರಡೂ ಕೈ ಮೇಲೆತ್ತಿ ನೆರಳು ಹಿಡಿದಳು.

ಕುರುಮಮ್ಮ ಒಂದೊಂದೇ ಚೂರನ್ನು ಬಂಡೆಗೊತ್ತಿದಳು. ಹೊತ್ತು ವಾಲಿದರೂ ಹಂಪಮ್ಮನ ಕೈ ಇಳಿಯಲಿಲ್ಲ. ತನ್ನಿಂದ ಇದು ಆಗುತ್ತಿರಲಿಲ್ಲ ಎನಿಸಿ ಅದಕ್ಕೂ ಅವಳಿಗೆ ಹೊಟ್ಟೆಯುರಿಯಿತು.

"ಇನ್ನೊಂಚೂರು ಈ ಕಡಿ ಹಿಡಿ," ಎಂದಳು.